ಕಿವಿ ಇಲ್ಲದ ಹಲಗೆ

ಸಮುದ್ರವೇ ಇಲ್ಲದ ಬ್ಯಾಡಗಿಯಲ್ಲಿ ಕೂತು ಸರ್ಫಿಂಗ್ ಹಲಗೆ ಮಾಡುವವಳು ಫಜೀತಿಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ; ಅವೇ ವಿಳಾಸ ಕೇಳಿಕೊಂಡು ಬರುತ್ತವೆ. ಅಲೆಯ ಮೇಲೆ ನಿಂತು ಜಾರುವ ಈ ಹಲಗೆಯ ಹುಚ್ಚು ನನಗೆ ಹತ್ತಿದ್ದು ಬಾಲಿಯಲ್ಲಿ, ಮಾಡಲು ಕಲಿತದ್ದು ಪೋರ್ಚುಗಲ್ಲಿನಲ್ಲಿ. ಪುಕ್ಕಟೆ ಜಾಗ ಸಿಕ್ಕಿದ್ದು ಮಾತ್ರ ಸೋದರಮಾವನ ಖಾಲಿ ಮೆಣಸಿನಕಾಯಿ ಗೋದಾಮಿನಲ್ಲಿ. ಮೊದಲ ಆರ್ಡರು ಮಂಗಳೂರು ಕಡೆಯ ಒಬ್ಬ ಸರ್ಫಿಂಗ್ ಶಿಕ್ಷಕಿಯದು: ಕಲಿಯುವ ಹುಡುಗಿಯರಿಗೆ ಒಂದು ಅಗಲ ಹಲಗೆ. ಹಿಡಿಸಿದರೆ ಇನ್ನೂ ಆರು. ಹಿಡಿಸದಿದ್ದರೆ ಗೋದಾಮಿಗೆ ಕೀಲಿ ಹಾಕಿ ಮತ್ತೆ ಬ್ಯಾಗು ಹೆಗಲಿಗೇರಿಸುತ್ತೇನೆ ಎಂದು ಮಾವನೆದುರು ಜಂಬದಿಂದ ಹೇಳಿಯೂ ಬಿಟ್ಟಿದ್ದೆ.

ಬೆನ್ನೆಲುಬು

ಹಲಗೆ ಎಂದರೂ ಮೈಯೆಲ್ಲ ಹಗುರ ಫೋಮು; ನಡುವೆ ಉದ್ದಕ್ಕೆ ಮಾತ್ರ ಒಂದು ಮರದ ಪಟ್ಟಿ ಇರುತ್ತದೆ. ಮೂತಿಯ ಕಡೆ ಅದು ಮೇಲಕ್ಕೆ ಬಾಗಿರಬೇಕು, ಇಲ್ಲವಾದರೆ ಹಲಗೆ ನೀರಿಗೆ ಮೂಗು ತೂರಿಸುತ್ತದೆ. ರಾಣೇಬೆನ್ನೂರಿನ ಬಡಿಗರ ಮುಂದೆ ಈ ಬಾಗಿನ ಬಗ್ಗೆ ಒಂದು ತಾಸು ಕೈ ತಿರುವಿ ಭಾಷಣ ಮಾಡಿ, ಬಾಗಿಸಿದ ಪಟ್ಟಿಯನ್ನು ನುಣುಪು ಮಾಡಲು ಕೊಟ್ಟು ಬಂದೆ. ಮರುದಿನ ಅವರು ಮುಖ ಅರಳಿಸಿಕೊಂಡು ಕಾಯುತ್ತಿದ್ದರು.

"ಡೊಂಕಿತ್ರೀ ಅಕ್ಕಾರ. ನಿಮ್ಮ ಸಂಕಟ ನೋಡಾಕಾಗಲಿಲ್ಲ. ಕೆತ್ತಿ ನೆಟ್ಟಗ ಮಾಡೇನಿ!"

ಐರಣಿಯಲ್ಲಿ ಪರೀಕ್ಷೆ

ಎರಡನೇ ಪಟ್ಟಿಯಿಂದ ಹಲಗೆ ಮುಗಿಯಿತು. ತೇಲುತ್ತದೋ ನೋಡಲು ಐರಣಿಗೆ ಒಯ್ದು ತುಂಗಭದ್ರೆಗೆ ಇಳಿಸಿದೆ. ದಂಡೆಯಲ್ಲಿ ಒಬ್ಬ ಅಜ್ಜಿ ಕೌದಿ ಒಗೆಯುತ್ತಿದ್ದಳು. ಒಬ್ಬಳೇ ಆದರೂ ಪ್ರೇಕ್ಷಕಿ ಪ್ರೇಕ್ಷಕಿಯೇ. ಠೀವಿಯಿಂದ ಎದ್ದು ನಿಂತೆ, ಅದೇ ಠೀವಿಯಿಂದ ಬಿದ್ದೆ.

"ತೆರಿ ಇಲ್ಲಲ್ಲಬೇ, ಅದಕ್ಕ ಬಿದ್ದೆ" ಎಂದೆ, ಮೂಗಿನ ನೀರು ಒರೆಸಿಕೊಳ್ಳುತ್ತ.

"ತೆರಿ ಬಂದು ಬಿದ್ದವರನ್ನ ಕಂಡೇನಿ ತಂಗಿ," ಅಂದಳು ಅಜ್ಜಿ. "ಬರಲಿಲ್ಲಂತ ಬಿದ್ದಾಕಿ ನೀನ ಮೊದಲನೇದಾಕಿ."

ಹುಕ್ಕು

ಸೋಮವಾರ ಶಿಕ್ಷಕಿಯ ತರಗತಿ ಶುರು. ಶುಕ್ರವಾರ ಮಂಗಳೂರಿಗೆ ಹೊರಟ ಮೆಣಸಿನಕಾಯಿ ಲಾರಿಯಲ್ಲಿ ಹಲಗೆಗೆ ಜಾಗ ಹಿಡಿದೆ.

"ಮೆತ್ತಗ ಎತ್ರಿ ಕಾಕಾ, ಕೂಸಿದ್ದಂಗ ಐತಿ."

"ಆತು ತಂಗಿ" ಎಂದರು ಹಮಾಲ ಕಾಕಾ. ಬಾಯಿ ಒಪ್ಪಿತು, ಜೀವಮಾನವೆಲ್ಲ ಚೀಲ ಎತ್ತಿದ ಕೈಗೆ ಸುದ್ದಿ ಮುಟ್ಟಿರಲಿಲ್ಲ. ಚೀಲಕ್ಕೆ ಹಾಕುವ ಕಬ್ಬಿಣದ ಹುಕ್ಕನ್ನು ಎತ್ತಿ ಹಲಗೆಯ ನಡುವಿಗೇ, ಪಟ್ಟಿಯ ಪಕ್ಕದ ಫೋಮಿಗೆ, ಗಚ್ಚನೆ ಹೊಡೆದರು. ಮೊನೆ ಆಚೆ ಬದಿಗೆ ಬಂತು. ನಾನು ಓಡಿ ಅವರ ಕೈ ಹಿಡಿದೆ.

"ಚೀಲಕ್ಕಾದ್ರ ಮೂಲ್ಯಾಗ ಕಿವಿ ಇರ್ತಾವು, ಹಿಡೀಬಹುದು," ಕಾಕಾ ನನ್ನನ್ನೇ ಗದರಿದರು. "ಇದಕ್ಕ ಕಿವೀನ ಇಟ್ಟಿಲ್ಲ ನೀ. ಹೆಂಗ ಎತ್ತಬೇಕು?"

ಅಷ್ಟು ದೇಶ ಸುತ್ತಿದವಳು ಹಲಗೆಯನ್ನು ತಲೆಯ ಮೇಲೆ ಹೊತ್ತು ಗೋದಾಮಿಗೆ ವಾಪಸು ನಡೆದೆ.

ಸೋಮವಾರದ ಫೋನು

ಹೊಸದು ಮಾಡಲು ಸಮಯವಿಲ್ಲ. ಅದೇ ತೂತನ್ನು ನಾಲ್ಕು ಬೆರಳು ಹಿಡಿಸುವಷ್ಟು ಕೊರೆದು, ಒಳಗೆಲ್ಲ ರಾಳ ಬಳಿದು ನುಣುಪು ಮಾಡಿ, ಶಿಕ್ಷಕಿಗೆ ಸುದ್ದಿ ಕೊಡದೆ ಮರುದಿನದ ಲಾರಿಗೆ ಹಾಕಿದೆ. ಬ್ಯಾಗನ್ನೂ ಅಟ್ಟದಿಂದ ಇಳಿಸಿದೆ.

ಸೋಮವಾರ ಶಿಕ್ಷಕಿಯ ಫೋನು ಬಂತು.

"ಬಾಗು ಹೇಗಿದೆ? ಅಂಚು? ತೂಕ?" ಒಂದೇ ಉಸಿರಿಗೆ ಕೇಳಿದೆ.

"ಅದೆಲ್ಲ ಉಂಟು, ಎಲ್ಲರದ್ದೂ ಹಾಗೇ ಇರ್ತದೆ. ಆ ನಡುವಿನ ತೂತು ಯಾರ ತಲೆ ಮಾರಾಯ್ರೆ? ಅಗಲ ಹಲಗೆ ನಮ್ಮ ಹುಡುಗಿಯರ ಕಂಕುಳಲ್ಲಿ ಹಿಡಿಯುವುದೇ ಇಲ್ಲ. ಈಗ ಅದರಲ್ಲಿ ಕೈ ಹಾಕಿ ಎತ್ತಿಕೊಂಡು ಓಡ್ತಾರೆ. ಆರಕ್ಕೂ ಹಾಗೇ ಬೇಕು."

ಎರಡು ಖಂಡಗಳಲ್ಲಿ ಕಲಿತ ನನ್ನ ವಿದ್ಯೆ 'ಅದೆಲ್ಲ ಉಂಟು' ಆಯಿತು. ಬ್ಯಾಗನ್ನು ಮತ್ತೆ ಅಟ್ಟಕ್ಕೆ ಎಸೆದು, ಓಡಿ ಹೋಗಿ ಕಾಕಾಗೆ ವಿಷಯ ಹೇಳಿದೆ. ಅವರಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. ಹೆಗಲ ಟವೆಲ್ಲಿನಿಂದ ಹುಕ್ಕನ್ನು ಒರೆಸುತ್ತ ಅಂದರು:

"ಆರೂ ಸಾಲಾಗಿ ನಿಲ್ಲಸು ತಂಗಿ. ಊಟಕ್ಕ ಹೋಗೂದ್ರಾಗ ಹೊಡದು ಕೊಡ್ತೇನಿ."