ಬೀಗರ ಮುಂದೆ ಕೆಂಪು ಕಣ್ಣು

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೂ ಆದೋನಿಯ ಹತ್ತಿ ಮಿಲ್ಲಿನಲ್ಲಿ ಯಾವ ಯಂತ್ರ ಕೆಟ್ಟರೂ ಮೊದಲು ನನ್ನನ್ನೇ ಕರೆಯುತ್ತಾರೆ. ಅಷ್ಟು ದೊಡ್ಡ ಯಂತ್ರ ರಿಪೇರಿ ಮಾಡುವವನಿಗೆ ಇಷ್ಟು ಸಣ್ಣ ಕಣ್ಣು ಯಾವ ಲೆಕ್ಕ?

ಆ ದಿನ ತಂಗಿ ನಾಗಮ್ಮನನ್ನು ನೋಡಲು ಮದ್ದಿಕೇರದಿಂದ ಗಂಡಿನವರು ಬರುವವರಿದ್ದರು. ಹುಡುಗನ ದೊಡ್ಡಪ್ಪ ಹನುಮಂತಪ್ಪನವರದು ಒಂದೇ ಕಟ್ಟಳೆ: ಕುಡುಕರ ಮನೆಯ ಹೆಣ್ಣು ಬೇಡ. ನನಗೇನು ಭಯ? ಹೆಂಡದ ಬಣ್ಣವೇ ನನಗೆ ಗೊತ್ತಿಲ್ಲ! ಆದರೆ ಹತ್ತಿಯ ಧೂಳಿಗೆ ಎರಡೂ ಕಣ್ಣು ತುಸು ಕೆಂಪಾಗಿದ್ದವು.

“ಏನ್ರಿ, ತಣ್ಣೀರಿಲೆ ಕಣ್ಣು ತೊಳಕೊಂಡು ಸುಮ್ಮನ ಕುಂದರ್ರಿ,” ಎಂದಳು ಹೆಂಡತಿ ಗಂಗಮ್ಮ.

“ನೀ ಹೇಳಬ್ಯಾಡ, ಔಷಧಿ ನನಗ ಗೊತ್ತೈತಿ!”

ಅಲ್ಲಿಯವರೆಗೆ ಅವಳ ಚಟ್ನಿಗೆ ಒಣಮೆಣಸಿನಕಾಯಿಯ ತೊಟ್ಟು ಮುರಿದು ಕೊಡುತ್ತಿದ್ದವನು ಎದ್ದು ಹಿತ್ತಲಿಗೆ ಹೋದೆ. ನಂದಿಬಟ್ಟಲು ಹೂವನ್ನು ಅಂಗೈಯಲ್ಲಿ ಚೆನ್ನಾಗಿ ತಿಕ್ಕಿ, ರಸವನ್ನು ಎರಡೂ ಕಣ್ಣಿಗೆ ಧಾರಾಳವಾಗಿ ಹಿಂಡಿದೆ.

ಔಷಧಿ ಕೂಡಲೇ ಕೆಲಸ ಮಾಡಿತು! ಹಿತ್ತಲಲ್ಲೇ ಮೂರು ಸುತ್ತು ಕುಣಿದೆ.

“ಕೈ ತೊಳಕೊಂಡಿದ್ರೇನು?” ಒಳಗಿನಿಂದ ಹೆಂಡತಿ ಕೇಳಿದಳು. ನಾನಾಗಲೇ ನಾಲ್ಕನೇ ಸುತ್ತು ಹೊರಟಿದ್ದೆ.

ಅಷ್ಟರಲ್ಲಿ ಬೀಗರು ಬಂದೇಬಿಟ್ಟರು. ಗೌರವಸ್ಥನಂತೆ ಕಾಣಲಿ ಎಂದು ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡು ಎದುರುಗೊಳ್ಳಲು ಹೊರಟೆ. ಕಣ್ಣು ಮಂಜು. ಹೊಸ್ತಿಲು ಎಡವಿ ನೇರ ಹನುಮಂತಪ್ಪನವರ ಮೇಲೆಯೇ ಬಿದ್ದೆ!

ಅವರು ನನ್ನ ಮುಖ ದಿಟ್ಟಿಸಿದರು. “ಕಣ್ಣು ಕೆಂಪು, ಕಾಲು ಸೊಟ್ಟ, ವಾಸನಿ ಬರಬಾರದಂತ ಬಾಯಾಗ ಎಲಿ! ಏಮಯ್ಯಾ, ಸರ್ಕಾರ ಹೆಂಡ ಬಂದ್ ಮಾಡಿದ್ರೂ ನಿಮ್ಮ ಓಣ್ಯಾಗ ಇನ್ನ ಸಿಗತೈತೇನು? ನಡೀರಪ್ಪಾ, ಬಸ್ಸು ಹೋಗಿರಂಗಿಲ್ಲ.”

ಬಾಗಿಲ ಹಿಂದೆ ನಾಗಮ್ಮನ ಬಳೆ ಸದ್ದು ನಿಂತುಹೋಯಿತು.

“ಇಲ್ರಿ ಯಜಮಾನ್ರ! ನಿಮ್ಮ ಕೈ ಮುಟ್ಟಿ ಆಣಿ ಮಾಡ್ತೀನ್ರಿ!” ಎಂದು ಅವರ ಎರಡೂ ಕೈ ಹಿಡಿದೆ. ಬಿಡಿಸಿಕೊಂಡಷ್ಟೂ ಗಟ್ಟಿಯಾಗಿ ಹಿಡಿದೆ.

“ನಾಟಕ ಸಾಕು!” ಕೈ ಕಿತ್ತುಕೊಂಡವರು ಕಣ್ಣ ಮೇಲಿನ ಬೆವರು ಒರೆಸಿಕೊಂಡರು.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಅಂಗಳದಲ್ಲಿ ಕುಣಿಯುವ ಸರದಿ ಅವರದು!

ನಾಗಮ್ಮ ನಾಚಿಕೆ ಬಿಟ್ಟು ಓಡಿ ಬಂದು, ತಂಬಿಗೆ ನೀರು ಸುರಿದು ಅವರ ಕಣ್ಣು ತೊಳೆಸಿದಳು. “ಅಣ್ಣ ಕುಡಿಯಂಗಿಲ್ರಿ. ಮೆಣಸಿನಕಾಯಿ ಮುರಿದ ಕೈಲೆ ಕಣ್ಣಿಗೆ ಔಷಧಿ ಹಾಕ್ಕೊಂಡಾನ. ಭಾಳ ಶ್ಯಾಣ್ಯಾ ಅದಾನ!”

ಹನುಮಂತಪ್ಪನವರು ಕೆಂಪು ಕಣ್ಣು ಪಿಳಿಪಿಳಿ ಬಿಟ್ಟರು. “ಹುಡುಗಿಗೆ ಬುದ್ಧಿ ಐತಿ. ಅಣ್ಣನ ಹಂಗಿಲ್ಲ. ಸಂಬಂಧ ಖಾಯಂ!”

ಮದುವೆಯ ದಿನ ಹೆಣ್ಣಿನ ಅಣ್ಣನೆಂದು ಬೀಗರೆಲ್ಲ ನನಗೆ ಎಂಥ ಮರ್ಯಾದೆ ಕೊಟ್ಟರು! ಒಬ್ಬರೂ ಕೈ ಹಿಡಿಯಲಿಲ್ಲ. ನಾಲ್ಕು ಮಾರು ದೂರದಿಂದಲೇ ನಮಸ್ಕಾರ!