ಏಳಕ್ಕೆ ಎಡವಿದ ಸಂಖ್ಯೆ

ಸಿಟ್ಟಿನ ವಿಷಯದಲ್ಲಿ ನಾನು ಜಿಪುಣನಲ್ಲ. ಪುಣೆಯ ಟಾಂಗಾದವರ ಮೇಲೆ, ಬೆಳಗಾಗುವಷ್ಟರಲ್ಲಿ ನಿಂತುಹೋಗುವ ನಳದ ಮೇಲೆ, ನಾವಿದ್ದ ಸದಾಶಿವ ಪೇಠೆಯ ವಾಡೆಯ ಮಾಲಿಕನ ಮೇಲೆ ಅದನ್ನು ಧಾರಾಳವಾಗಿ ಖರ್ಚು ಮಾಡಿದ್ದೇನೆ. ಆದರೆ ಒಂದು ಸಂಖ್ಯೆಯ ಸಲುವಾಗಿ ಹಲ್ಲು ಕಡಿಯಬೇಕಾದೀತೆಂದು, ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ನಾನು ಎಣಿಸಿರಲಿಲ್ಲ. ಆ ಸಂಖ್ಯೆ ೧೪೨೮೫೭. ಧಾರವಾಡದಿಂದ ಬಂದು ನಮ್ಮಲ್ಲೇ ಠಿಕಾಣಿ ಹೂಡಿದ್ದ ಸೋದರಮಾವ ರಾಘಪ್ಪ ಅದನ್ನು ಎಲ್ಲಿಂದಲೋ ಹಿಡಿದು ತಂದಿದ್ದ. ಎರಡರಿಂದ ಗುಣಿಸಿದರೆ ೨೮೫೭೧೪, ಮೂರರಿಂದ ೪೨೮೫೭೧. ಅವೇ ಆರು ಅಂಕಿ, ಅದೇ ಸಾಲು, ಕೋಲಾಟದವರು ಸುತ್ತು ತಿರುಗಿದ ಹಾಗೆ. ಹಾಲಿನವನನ್ನೂ ಕ್ಷೌರದವನನ್ನೂ ನಿಲ್ಲಿಸಿ ಗುಣಿಸಲು ಹಚ್ಚುತ್ತಿದ್ದ. ಹಾಲು ಒಡೆದರೂ ಅವನಿಗೆ ಚಿಂತೆಯಿಲ್ಲ.

ಯುದ್ಧದ ಕಾಲ. ನನ್ನ ತಂಗಿ ಗಂಗೂಳನ್ನು ನೋಡಲು ಬೆಳಗಾವಿಯಿಂದ ರೈಲ್ವೆ ಕಚೇರಿಯ ಹುಡುಗ ತಂದೆಯೊಡನೆ ಬಂದಿದ್ದ. ರೇಷನ್ನಿನ ಸಕ್ಕರೆ ಉಳಿಸಿ ನನ್ನ ಹೆಂಡತಿ ಶಿರಾ ಮಾಡಿದ್ದಳು. ಗಂಗೂ ಬಂದು ತಲೆತಗ್ಗಿಸಿ ಕೂತಳೋ ಇಲ್ಲವೋ, ಮಾಮಾ ವರನ ಮುಂದೆ ಪಾಟಿ, ಬಳಪ ಇಟ್ಟೇಬಿಟ್ಟ.

"ತಮ್ಮಾ, ಇದನ್ನ ನಾಕರಿಂದ ಗುಣಸು ನೋಡೋಣು."

ಹುಡುಗ ೫೭೧೪೨೮ ಎಂದು ಬರೆದ. ಮಾಮಾ ತೊಡೆ ತಟ್ಟಿಕೊಂಡ. "ನೋಡ್ರಿ! ಎಷ್ಟರಿಂದಾದ್ರೂ ಗುಣಸ್ರಿ, ಬ್ಯಾರೆ ಅಂಕಿ ಬರೂದೇ ಇಲ್ಲ!"

ಹುಡುಗ ಯಾರೂ ಹೇಳದೆ ಏಳರಿಂದ ಗುಣಿಸಿ ಪಾಟಿ ತಿರುಗಿಸಿದ: ೯೯೯೯೯೯.

"ತಪ್ಪು! ಒರಸು ಅದನ್ನ!" ಮಾಮಾ ಕೂಗಿದ.

"ತಪ್ಪಿಲ್ರೀ."

"ನನಗ ಕಲಸ್ತೀಯೇನು?"

ಹುಡುಗನ ತಂದೆ ಟೊಪ್ಪಿಗೆ ಏರಿಸಿ ಎದ್ದುನಿಂತರು. "ಏನ್ರೀ ಇದು? ನಾವು ಕನ್ಯಾ ನೋಡಾಕ ಬಂದೀವೋ, ಪರೀಕ್ಷಾ ಕೊಡಾಕ ಬಂದೀವೋ? ಈ ಹುಚ್ಚ ಸಂಖ್ಯಾ ಕಟಗೊಂಡು ಮಾಡೂದೇನು?"

ಮಾಮಾನ ರಟ್ಟೆ ಹಿಡಿದು ಹೊರಗೆ ನೂಕಬೇಕೆಂದೇ ನಾನು ಎದ್ದಿದ್ದೆ. ದೇವರಾಣೆ. ಆದರೆ 'ಹುಚ್ಚ ಸಂಖ್ಯಾ' ಎಂಬ ಮಾತು ಕಿವಿಗೆ ಕಾದ ಎಣ್ಣೆ ಹೊಯ್ದಂತಾಯಿತು.

"ಹುಚ್ಚ ಅನಬ್ಯಾಡ್ರಿ!" ಎಂದು ನಾನೇ ಕಿರಿಚಿದೆ. "ಒಂದನ್ನ ಏಳರಿಂದ ಭಾಗಿಸಿ ನೋಡ್ರಿ. ದಶಾಂಶದಾಗ ಇದೇ ಆರು ಅಂಕಿ ಮತ್ತ ಮತ್ತ ಬರತಾವ. ಅದಕ್ಕ ಏಳರಿಂದ ಗುಣಿಸಿದ್ರ ಬರೇ ಒಂಬತ್ತು! ಕೂಡ್ರಿ, ತೋರಸ್ತೀನಿ!"

ಆ ಹಿರಿಯರನ್ನು ಭುಜ ಒತ್ತಿ ಕೂರಿಸಿದೆ. ಹುಡುಗ ನನ್ನ ಪಕ್ಕಕ್ಕೇ ಸರಿದು ಬಂದ. ಮಾಮಾ ಪ್ರತಿ ಸಾಲಿಗೂ ಜಗಳ ತೆಗೆದ, ನಾನು ಪ್ರತಿ ಜಗಳಕ್ಕೂ ಹೊಸ ಸಾಲು ಬರೆದೆ. ಶಿರಾ ಆರಿ ಗಟ್ಟಿಯಾಯಿತು. ಗಂಗೂ ಎದ್ದು ಒಳಗೆ ಹೋದದ್ದನ್ನು ಯಾರೂ ನೋಡಲಿಲ್ಲ.

ಕೊನೆಗೆ ಹುಡುಗನಿಗೆ ನಮ್ಮ ಮನೆತನ ಭಾರಿ ಹಿಡಿಸಿತು. ಮಗನ ಮುಖ ನೋಡಿ ತಂದೆಯೂ ಕರಗಿದರು. "ನಮಗ ಒಪ್ಪಿಗಿ ಅದ," ಎಂದು ಹೇಳಿಯೇ ಟಾಂಗಾ ಹತ್ತಿದರು. ನಾನು ಕುಣಿಯುತ್ತ ಅಡಿಗೆಮನೆಗೆ ಓಡಿದೆ.

"ನಾ ಒಲ್ಲೆ," ಎಂದಳು ಗಂಗೂ. "ಎದುರಿಗೆ ನಾ ಕೂತಿದ್ದೆ, ಅವ ಪಾಟಿ ನೋಡಿಕೋತ ಕೂತ. ಇಂಥವರು ಈ ಮನ್ಯಾಗ ಇಬ್ಬರಿದ್ದಾರ. ಸಾಕು."

"ಇಬ್ಬರು? ಮಾಮಾ ಒಬ್ಬ. ಇನ್ನೊಬ್ಬ ಯಾವನು? ಹೇಳು!" ಎಂದು ಗುಡುಗಿದೆ.

ನನ್ನ ಹೆಂಡತಿ ಹತ್ತಿರ ಬಂದು, ನನ್ನ ಅಂಗಿಯ ತುಂಬ ಮೆತ್ತಿದ್ದ ಬಳಪದ ಪುಡಿಯನ್ನು ಸೆರಗಿನಿಂದ ಒರೆಸತೊಡಗಿದಳು.