ಹದಿನೆಂಟು ಖಾಲಿ ಪಾತ್ರೆ, ಒಂದು ಹಂದಿ

"ಈ ಸಲದ ಊಟಕ್ಕೆ ದೇವರೇ ಒದಗಿಸ್ತಾನೆ. ನಾನು ಒಂದು ಕಡ್ಡಿಯನ್ನೂ ಅಲ್ಲಾಡಿಸೋದಿಲ್ಲ!" ಎಂದು ತಾನಿಯೆಲ ಘೋಷಿಸಿದಾಗ ಅವನ ಹೆಂಡತಿ ಲುಪೆ ಕೆಸುವಿನ ಗಡ್ಡೆ ಹೆರೆಯುತ್ತಿದ್ದಳು. ಹೊಸ ವರ್ಷದ ಪ್ರಾರ್ಥನೆಯ ವಾರ. ಟೋಂಗಾದ ಆ ಪುಟ್ಟ ದ್ವೀಪದಲ್ಲಿ ಆ ವಾರವೆಲ್ಲ ದಿನಕ್ಕೊಂದು ಮನೆಯವರು ಚರ್ಚಿನ ಇಡೀ ಸಭೆಗೆ ಊಟ ಹಾಕಬೇಕು. ಗುರುವಾರ ತಾನಿಯೆಲನ ಸರದಿ.

ಅವನಿಗೆ ಇದ್ದಕ್ಕಿದ್ದಂತೆ ಉಕ್ಕಿದ ಭಕ್ತಿಯ ಮೂಲ ಹಿತ್ತಿಲಲ್ಲಿತ್ತು. ಎರಡು ವರ್ಷ ತೆಂಗಿನಕಾಯಿ ತಿನ್ನಿಸಿ ಕೊಬ್ಬಿಸಿದ ಗಂಡುಹಂದಿ! ಮುಂದಿನ ತಿಂಗಳು ದ್ವೀಪದ ಒಡೆಯರು ಬಂದಾಗ ಅದನ್ನು ಕಾಣಿಕೆ ಕೊಟ್ಟು, ಎಲ್ಲರೂ ನೋಡುವಂತೆ ಅವರ ಹತ್ತಿರದ ಚಾಪೆಯಲ್ಲಿ ಕೂರಬೇಕೆಂಬುದು ಅವನ ಜೀವಮಾನದ ಆಸೆ. ಸಭೆಗೆ ಕೊಯ್ದರೆ ಆ ಚಾಪೆಯ ಆಸೆ ಬಿಟ್ಟಂತೆಯೇ.

"ಹಂದಿ ಇದೆಯಲ್ಲ" ಎಂದಳು ಲುಪೆ.

"ಅದು ಲೆಕ್ಕಕ್ಕಿಲ್ಲ. ಬೈಬಲಿನಲ್ಲಿ ಪ್ರವಾದಿ ಎಲೀಷ ಆ ಬಡ ವಿಧವೆಗೆ ಏನಂದ? ನೆರೆಮನೆಗಳಿಂದ ಖಾಲಿ ಪಾತ್ರೆ ಕೇಳಿ ತಗೊಂಡು ಬಾ ಅಂದ. ತುಂಬಿಸೋದು ದೇವರ ಕೆಲಸ."

ಹೇಳಿದ್ದೇ ತಡ, ಹೊರಟೇಬಿಟ್ಟ. ಹದಿನೆಂಟು ಮನೆ, ಹದಿನೆಂಟು ಪಾತ್ರೆ. ಬರಿದಾದ ಪಾತ್ರೆ ಕಂಡು ಯಾರಾದರೂ ಮರುಗಿ ಒಂದೊಂದು ಮರಿಹಂದಿ ಕಳಿಸಿಯಾರು ಎಂಬ ಲೆಕ್ಕಾಚಾರವೂ ಒಳಗೊಳಗೇ ಇತ್ತೆನ್ನಿ. ಆದರೆ ಜನ ಮರುಗಲಿಲ್ಲ, ಬಾಯಲ್ಲಿ ನೀರೂರಿಸಿಕೊಂಡರು. ಹದಿನೆಂಟು ಪಾತ್ರೆ ಬೇಕೆಂದರೆ ಅದೆಂಥ ಔತಣವಿರಬೇಕು! ಸುದ್ದಿ ಪಕ್ಕದ ಊರಿಗೂ ಮುಟ್ಟಿ, ಅಲ್ಲಿಯ ಹಾಡುಗಾರರ ತಂಡ ತಾವೂ ಬರುತ್ತೇವೆಂದು ಹೇಳಿಕಳಿಸಿತು. ಬುಧವಾರವಾದರೂ ಯಾರ ಮನೆಯಿಂದಲೂ ಒಂದು ಮರಿಹಂದಿ ಬರಲಿಲ್ಲ. ಆದರೂ ತಾನಿಯೆಲ ತನ್ನ ಹಂದಿಯ ಮಾತೆತ್ತಲಿಲ್ಲ. ಲುಪೆಯೂ ಎತ್ತಲಿಲ್ಲ. ಹೆಂಡತಿ ಅಷ್ಟು ಸುಮ್ಮನಿದ್ದಾಗಲಾದರೂ ಅವನು ಎಚ್ಚೆತ್ತುಕೊಳ್ಳಬೇಕಿತ್ತು.

ಗುರುವಾರ ಮುಂಜಾನೆ ಚರ್ಚಿನಲ್ಲಿ ಮೊಣಕಾಲೂರಿದವನು ಮಧ್ಯಾಹ್ನದವರೆಗೂ ಏಳಲಿಲ್ಲ. ಮನೆಗೆ ಹೋಗಲು ಧೈರ್ಯವಿರಲಿಲ್ಲ ಅನ್ನುವುದೇ ನಿಜ. ಕೊನೆಗೆ ಪಾದ್ರಿ ಫೆಲೆತಿಯವರೇ ರಟ್ಟೆ ಹಿಡಿದು ಎಬ್ಬಿಸಿ, ಹಸಿದ ಇಡೀ ಸಭೆಯ ಮುಂದಾಳಾಗಿ ಅವನನ್ನು ಮನೆಗೆ ನಡೆಸಿಕೊಂಡು ಬಂದರು.

ಅಂಗಳದಲ್ಲಿ ಹದಿನೆಂಟು ಪಾತ್ರೆಗಳೂ ಕಂಠಮಟ್ಟ ತುಂಬಿದ್ದವು! ನೆಲದೊಲೆಯಲ್ಲಿ ಬೆಂದ ಹಂದಿಮಾಂಸದ ತುಂಡುಗಳು, ಗೆಣಸು, ತೆಂಗಿನ ಹಾಲು ಹೀರಿದ ಕೆಸುವಿನೆಲೆ.

ತಾನಿಯೆಲ ತನ್ನ ಕಣ್ಣನ್ನೇ ನಂಬಲಿಲ್ಲ. ಬಾಯಿ ಮಾತ್ರ ತಕ್ಷಣ ನಂಬಿತು. ಮೂರು ಸಲ ಬಡಿಸಿಕೊಂಡು ತಿಂದ. ಆಮೇಲೆ ಎದ್ದುನಿಂತು, ಕಣ್ಣೊರೆಸಿಕೊಳ್ಳುತ್ತ ಸಾಕ್ಷಿ ಹೇಳಿದ: "ಇದರಲ್ಲಿ ನಮ್ಮನೆ ಹಂದೀದು ಒಂದು ಬಾಲಾನೂ ಇಲ್ಲ. ಎಲ್ಲಾ ದೇವರು ಕಳಿಸಿದ್ದು." ಸಭೆಯ ಹೆಂಗಸರು ಸೆರಗಿಲ್ಲದ್ದಕ್ಕೆ ಬೀಸಣಿಗೆಯಲ್ಲೇ ಮುಖ ಮುಚ್ಚಿಕೊಂಡು ಅತ್ತರು.

ಅದೇ ಖುಷಿಯಲ್ಲಿ ಅವನು ಗೆಣಸಿನ ಸಿಪ್ಪೆ ಬಾಚಿಕೊಂಡು ಹಂದಿಗೆ ಹಾಕಲು ಹಿತ್ತಿಲಿಗೆ ಹೋದ. ದೊಡ್ಡಿ ಖಾಲಿಯಾಗಿತ್ತು.

"ಲುಪೆ, ನನ್ನ ಹಂದಿ ಎಲ್ಲೇ?"

"ಮೂರು ಸಲ ಹಾಕಿಸಿಕೊಂಡ್ರಲ್ಲ, ಅದೇ. ಬೆಳಗ್ಗೆ ನಮ್ಮಣ್ಣಂದಿರು ಬಂದು ಕೊಯ್ದುಕೊಟ್ರು." ಅವಳು ಕೈ ತೊಳೆಯುತ್ತಲೇ ಹೇಳಿದಳು. "ಎಲೀಷ ಪಾತ್ರೆ ವಿಷಯ ತೆಗೆದಿದ್ದು ಆಮೇಲೆ ಕಣ್ರೀ. ಮೊದಲು ಅವನು ಆ ವಿಧವೇನ ‘ನಿನ್ನ ಮನೇಲಿ ಏನಿದೆ’ ಅಂತ ಕೇಳಿದ. ನೀವು ಆ ವಾಕ್ಯ ಹಾರಿಸಿಬಿಟ್ರಿ."

ಹಂದಿಯಂತೂ ಹೋಯಿತು, ಕೊಟ್ಟವನೆಂಬ ಹೆಸರಾದರೂ ಉಳಿಯಲಿ ಎಂದು ತಾನಿಯೆಲ ಏದುಸಿರು ಬಿಡುತ್ತ ಅಂಗಳಕ್ಕೆ ಓಡಿದ. "ಗುರುಗಳೇ, ಆ ಹಂದಿ..."

ಪಾದ್ರಿಗಳು ಅವನ ಹೆಗಲ ಮೇಲೆ ಕೈಯಿಟ್ಟರು. "ಅದನ್ನೇ ಇವರಿಗೆಲ್ಲ ಹೇಳ್ತಿದ್ದೆ ತಾನಿಯೆಲ. ಅಷ್ಟು ಒಳ್ಳೆ ಹಂದೀನ ಒಡೆಯರಿಗೆ ಅಂತ ಬಚ್ಚಿಡದೆ, ಹೆಸರೂ ಹೇಳಿಕೊಳ್ಳದೆ ಕೊಟ್ಟಿದ್ದಾನಲ್ಲ ಆ ಪುಣ್ಯಾತ್ಮ, ಅವನನ್ನ ನೋಡಿ ನೀನೂ ಸ್ವಲ್ಪ ಕಲಿತುಕೋಪ್ಪ."